ಯೂಲಾ ಅತ್ತೆ ಆರಿಸಿಕೊಟ್ಟ ರಿವಾಲ್ವರ್

ಪ್ರೀತಿಯ ಯೂಲಾ ಅತ್ತೆ,

ಇವತ್ತು ಬೆಳಿಗ್ಗೆ ಸೊಂಟದಿಂದ ರಿವಾಲ್ವರ್ ಬಿಚ್ಚಿ, ಗುಂಡು ತೆಗೆದು, ಒರೆಸಿ, ಎಣ್ಣೆ ಹಾಕಿ ಅಡುಗೆಮನೆ ಮೇಜಿನ ಮೇಲಿಟ್ಟೆ. ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನೀವು ಕಣ್ಣ ಮುಂದೆ ಬಂದಿರಿ. ಬೇರೆಯವರ ಅತ್ತೆಯಂದಿರು ಸೆಂಟಿನ ವಾಸನೆಗೋ ಸೇಬಿನ ಕಡುಬಿನ ವಾಸನೆಗೋ ನೆನಪಾಗುತ್ತಾರೆ. ನನ್ನ ಹಣೆಬರಹ ನೋಡಿ, ಬಂದೂಕಿನೆಣ್ಣೆ! ನೀವು ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಲಗಿ ಇಷ್ಟು ವರ್ಷವಾದರೂ, ದೊಡ್ಡ ಸುದ್ದಿ ಬಂದರೆ ನನ್ನ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ, ನಿಮಗೆ ಹೇಳಬೇಕೆಂದು. ಇವತ್ತೂ ಹೋಯಿತು. ಅದಕ್ಕೇ ಈ ಕಾಗದ.

ಆ ವಸಂತ ನೆನಪಿದೆಯಾ? ನನ್ನ ಬಲಗೈ ಮಣಿಕಟ್ಟು ಮುರಿದು ಜೈಲಿಗೆ ಹೋಗಿದ್ದ ನನ್ನ ಗಂಡ ರಾಯ್ಸ್ ಬಿಡುಗಡೆಯಾಗುವ ತಿಂಗಳು. ನಾನು ಹಳ್ಳದ ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೆ. ಅವನು ಹತ್ತಿರ ಸುಳಿಯಕೂಡದು ಎಂಬ ಕೋರ್ಟಿನ ಆಜ್ಞೆ ಇತ್ತು. ಆದರೆ ಶೆರಿಫನ ಕಾರು ನಮ್ಮ ಕಣಿವೆಗೆ ಬರುವಷ್ಟರಲ್ಲಿ ಒಂದು ಕೊಲೆ ಮಾಡಿ, ಕೈ ತೊಳೆದು, ಊಟವನ್ನೂ ಮಾಡಬಹುದಿತ್ತು. ಅವನ ಕಡೆಯವರೆಲ್ಲ ಗಂಡನನ್ನು ಜೈಲಿಗೆ ಕಳಿಸಿದವಳು ಎಂದು ಮುಖ ತಿರುಗಿಸಿದ್ದರು. ನೀವು ಅವನ ಅಪ್ಪನ ಒಡಹುಟ್ಟಿದ ಅಕ್ಕ. ಅವನನ್ನು ಎತ್ತಿ ಆಡಿಸಿದವರು. ಆದರೂ ಬೀನ್ಸಿನ ಪಾತ್ರೆ, ಜೋಳದ ರೊಟ್ಟಿ ಹೊತ್ತು ನನ್ನ ಮೆಟ್ಟಿಲು ಹತ್ತಿದಿರಿ. ನೀವು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: "ಅವನು ನಮ್ಮ ರಕ್ತ ಕಣೇ. ಅದಕ್ಕೇ ನಂಗೊತ್ತು, ಅವನು ಬಂದೇ ಬರ್ತಾನೆ. ತಿನ್ನು ಬೇಗ, ಅಂಗಡಿಗೆ ಹೋಗ್ಬೇಕು."

ನನ್ನ ಹತ್ತಿರ ಇದ್ದದ್ದು ನಾನೂರು ಡಾಲರ್. ಅಷ್ಟನ್ನೂ ಪಿಸ್ತೂಲಿಗೇ ಸುರಿಯುವುದು ನನ್ನ ಲೆಕ್ಕ. ನೀವು ದಾರಿಯುದ್ದಕ್ಕೂ ಬೈದಿರಿ. ಪಿಸ್ತೂಲಿಗೆ ಎಲ್ಲ ಖರ್ಚು ಮಾಡಿ, ಒರೆಗೆ ದುಡ್ಡಿಲ್ಲದೆ ಕೈಚೀಲದಲ್ಲಿ ಇಟ್ಟುಕೊಂಡು ತಿರುಗುವ ಹೆಂಗಸರನ್ನು ಬೇಕಾದಷ್ಟು ನೋಡಿದ್ದೇನೆ, ಚೀಲ ಕಿತ್ತುಕೊಂಡವನಿಗೆ ಅದು ಪುಕ್ಕಟೆ ಸಿಗುತ್ತದೆ ಎಂದಿರಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಪಿಸ್ತೂಲಿಗೆ, ಉಳಿದದ್ದು ಗಟ್ಟಿ ಬೆಲ್ಟಿಗೆ, ಚರ್ಮದ ಒರೆಗೆ, ಗುರಿ ಕಲಿಯುವ ಗುಂಡುಗಳಿಗೆ ಎಂದು ತೀರ್ಪು ಕೊಟ್ಟಿರಿ. ನಿಮ್ಮ ಜೊತೆ ವಾದ ಮಾಡುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಅಂಗಡಿಯ ಕೋಡಿ ಎಂಬ ಹುಡುಗ, ಕೆಳತುಟಿಯೊಳಗೆ ಹೊಗೆಸೊಪ್ಪು ಒತ್ತಿಕೊಂಡವನು, ನನ್ನನ್ನು ನೋಡಿದ್ದೇ ಗುಲಾಬಿ ಹಿಡಿಯ ಪುಟಾಣಿ ರಿವಾಲ್ವರ್ ತಂದಿಟ್ಟ. ಹೆಂಗಸರೆಲ್ಲ ಇದನ್ನೇ ಒಯ್ಯುತ್ತಾರೆ, ಗರಿಯ ಹಾಗೆ ಹಗುರ ಎಂದ. ನಿಜ ಹೇಳುತ್ತೇನೆ ಅತ್ತೆ, ನನಗೆ ಅದು ಬಹಳ ಹಿಡಿಸಿತ್ತು. ನೀವು ಕನ್ನಡಕ ಮೂಗಿನ ತುದಿಗಿಳಿಸಿ ಅವನನ್ನು ನೋಡಿದ ನೋಟ! "ಇವಳೇನು ಮದುವೆಗೆ ಹೋಗ್ತಿದಾಳೇನಪ್ಪಾ, ಬಣ್ಣ ಹೊಂದಿಸ್ಕೊಂಡು?" ಎಂದು ಕೇಳಿ, ಅದೇ ಅಳತೆಯ ಗುಂಡು ಹಾಕುವ ಉಕ್ಕಿನ ಹಳೇದೊಂದನ್ನೂ ತೆಗೆಸಿ, ಎರಡನ್ನೂ ಅಂಗಡಿ ಹಿಂದೆ ಗುಂಡು ಹೊಡೆದು ನೋಡುವ ಅಂಗಳಕ್ಕೆ ಒಯ್ಯಿಸಿದಿರಿ.

ಗುಲಾಬಿಯದನ್ನು ಹಾರಿಸಿದೆ. ಅದು ಹಿಂದಕ್ಕೆ ಒದ್ದ ಒದೆತಕ್ಕೆ ನನ್ನ ಮುರಿದು ಕೂಡಿದ ಮೂಳೆ ಚುರ್ರೆಂದಿತು. ಎರಡನೆಯ ಸಲ ಕೈಯೇ ಮೇಲೇಳಲಿಲ್ಲ. ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ಅವನು ಬಂದ ದಿನವೂ ಈ ಕೈ ಹೀಗೇ ಸೋತರೆ ಏನು ಗತಿ ಎಂಬ ಭಯಕ್ಕೆ. ನೀವು ನನ್ನ ಮುಖ ನೋಡಲಿಲ್ಲ. ಉಕ್ಕಿನದನ್ನು ಕೈಗಿಟ್ಟಿರಿ. ಹಿಡಿಯ ಮರ ಸವೆದಿತ್ತು, ನಳಿಕೆಯ ಕಪ್ಪು ಅಲ್ಲಲ್ಲಿ ಹೋಗಿತ್ತು. ಆದರೆ ಅದರ ಒದೆತವನ್ನೆಲ್ಲ ಅದರ ಭಾರವೇ ನುಂಗಿತು. "ಹಗುರದ್ದು ಹೊರೋಕೆ ಸುಖ, ಹಾರಿಸೋಕೆ ಕಷ್ಟ. ನೀನು ದಿನಾ ಹೊರಬೇಕು, ಹಾರಿಸೋದು ಬಂದ್ರೆ ಒಂದೇ ದಿನ. ಆ ಒಂದು ದಿನಕ್ಕೆ ಆರಿಸ್ಕೋ," ಎಂದಿರಿ. ಆರಿಸಿಕೊಂಡೆ. ಬೆಲೆಯೂ ಗುಲಾಬಿಯದಕ್ಕಿಂತ ಕಡಿಮೆಯಿತ್ತು. ಕೋಡಿಯ ಮುಖ ಹುಳ್ಳಗಾಯಿತು.

ಆಮೇಲೆ ನಿಮ್ಮ ಅಡುಗೆಮನೆಯಲ್ಲಿ ಆದ ಪಾಠ! ಗುಂಡಿಲ್ಲದ ರಿವಾಲ್ವರನ್ನು ಸೊಂಟಕ್ಕೆ ಕಟ್ಟಿಸಿ, ಮೇಲೆ ನಿಮ್ಮ ಗಂಡನ ಹಳೇ ಅಂಗಿ ತೊಡಿಸಿ, ನೆಲ ಒರೆಸಿಸಿದಿರಿ, ಹಿಟ್ಟು ನಾದಿಸಿದಿರಿ, ಮೇಲಿನ ಗೂಡಿನಿಂದ ಡಬ್ಬ ಇಳಿಸಲು ಹೇಳಿದಿರಿ. ಅಂಗಿಯಡಿ ಗಂಟು ಕಂಡರೆ ಸೌಟಿನಿಂದ ಅಲ್ಲಿಗೇ ಕುಟುಕುತ್ತಿದ್ದಿರಿ. ನಾನು ಕೆಲಸ ಮಾಡುತ್ತಿದ್ದದ್ದು ದನದ ಮೇವಿನ ಅಂಗಡಿಯಲ್ಲಿ, ದಿನವಿಡೀ ಬಗ್ಗಿ ಮೂಟೆ ಎತ್ತಬೇಕಿತ್ತು. ಸೊಂಟದಿಂದ ಬಗ್ಗಬೇಡ, ಮೊಣಕಾಲು ಮಡಚಿ ಕೂತು ಏಳು ಎಂದು ಕಲಿಸಿದಿರಿ. ಎಲ್ಲಕ್ಕಿಂತ ಕಷ್ಟದ್ದು ಚರ್ಚಿನ ಅಪ್ಪುಗೆ. ನಮ್ಮ ಚರ್ಚಿನಲ್ಲಿ ಮಾತಿಗಿಂತ ಮೊದಲು ತಬ್ಬುತ್ತಾರಲ್ಲ, ಬಚ್ಚಿಟ್ಟದ್ದು ಬಯಲಾಗುವುದೇ ಅಲ್ಲಿ. ಬಲಮೊಣಕೈ ಸೊಂಟಕ್ಕೆ ಒತ್ತಿ, ಎಡಭುಜ ಮುಂದೆ ಮಾಡಿ, ಎಡಗೈಯಲ್ಲಷ್ಟೇ ತಬ್ಬುವುದನ್ನು ನೀವು ನನ್ನನ್ನೇ ತಬ್ಬಿ ತಬ್ಬಿ ಕಲಿಸಿದಿರಿ. ಮದುವೆಯಾದ ಮೇಲೆ ನನ್ನನ್ನು ಯಾರೂ ಅಷ್ಟು ಸಲ ತಬ್ಬಿರಲಿಲ್ಲ ಅತ್ತೆ. ಆಗ ಹೇಳಲಿಲ್ಲ, ಈಗ ಹೇಳುತ್ತೇನೆ: ಆ ಪಾಠ ಮುಗಿಯದಿದ್ದರೆ ಸಾಕು ಅನ್ನಿಸಿತ್ತು. ಪಾದ್ರಿಗೆ ಹೇಳಬೇಕೇ ಎಂದು ಕೇಳಿದ್ದಕ್ಕೆ, ಅವನ ಕೋಟಿನಡಿಯೂ ಒಂದಿದೆ, ಸುಮ್ಮನಿರು ಎಂದು ನಕ್ಕಿದ್ದಿರಿ.

ಇಷ್ಟೆಲ್ಲ ಕಲಿತರೂ ರಾಯ್ಸ್ ಬಿಡುಗಡೆಯಾದ ಮೊದಲ ಭಾನುವಾರವೇ ಸಿಕ್ಕಿಬಿದ್ದೆ. ನಿಮ್ಮ ತಮ್ಮನ ಹೆಂಡತಿ, ರಾಯ್ಸ್‌ನ ತಾಯಿ ವರ್ನಾ, ವರ್ಷದಿಂದ ನನ್ನ ಕಡೆ ನೋಡದವರು, ಪ್ರಾರ್ಥನೆ ಮುಗಿದದ್ದೇ ಬಂದು ಹಿಂದಿನಿಂದ ತಬ್ಬಿದರು. ಹಿಂದಿನಿಂದ ತಬ್ಬಿದರೆ ಏನು ಮಾಡಬೇಕೆಂದು ನೀವು ಹೇಳಿಕೊಟ್ಟಿರಲಿಲ್ಲ. ಅವರ ಕೈ ಸೀದಾ ಅದರ ಮೇಲೆ ಬಿತ್ತು. ಅಲ್ಲೇ ನಿಂತಿತು. ನೀವು ಎರಡು ಬೆಂಚಿನಾಚೆಯಿಂದ ನೋಡುತ್ತಿದ್ದಿರಿ, ನಿಮ್ಮ ಮುಖ ಬಿಳಿಚಿದ್ದು ಕಂಡೆ.

"ನನ್ನ ಮಗನಿಗಾ ಇದು?" ಎಂದರು ಕಿವಿಯಲ್ಲಿ.

"ಹೌದಮ್ಮ. ಬಂದ್ರೆ," ಎಂದೆ.

ಕಿರುಚುತ್ತಾರೆ, ಶಪಿಸುತ್ತಾರೆ ಎಂದುಕೊಂಡಿದ್ದೆ. ಅವರ ಉಸಿರು ಕತ್ತಿನ ಮೇಲೆ ಬಿಸಿಯಾಗಿ ಬೀಳುತ್ತಿತ್ತು. "ಬರೋಕೇ ಹೊರಟಿದಾನೆ. ಮಧ್ಯಾಹ್ನ ಊಟ ಆದ್ಮೇಲೆ ಅಂದ," ಎಂದರು. "ಇದನ್ನ ಹೋಗಿ ಹೇಳ್ತೀನಿ ಅವನಿಗೆ. ನಂಗೆ ನೀವಿಬ್ರೂ ಉಳೀಬೇಕು." ಅಷ್ಟು ಹೇಳಿ, ನನ್ನ ಅಂಗಿಯನ್ನು ಕೆಳಗೆಳೆದು ಸರಿಮಾಡಿ ಹೋದರು.

ಆ ಮಧ್ಯಾಹ್ನ ನೀವು ನನ್ನ ಬಾಗಿಲ ಪಕ್ಕ ಕುರ್ಚಿ ಹಾಕಿ ಕೂತಿರಿ. ಸಂಜೆಯವರೆಗೂ ಯಾರೂ ಬರಲಿಲ್ಲ. ಅವನು ದೂರದ ಇಂಡಿಯಾನಾ ರಾಜ್ಯದ ಬಸ್ಸು ಹತ್ತಿದನೆಂದು ಆಮೇಲೆ ಗೊತ್ತಾಯಿತು. ಆ ಉಕ್ಕಿನ ರಿವಾಲ್ವರ್ ಗುರಿಯ ಕಾಗದ ಬಿಟ್ಟು ಬೇರೆ ಯಾವುದಕ್ಕೂ ಇಂದಿನವರೆಗೆ ಗುಂಡು ಹಾರಿಸಿಲ್ಲ. ಆದರೂ ಬಿಚ್ಚಲಿಲ್ಲ, ಅತ್ತೆ. ನಿಮ್ಮ ಶವಪೆಟ್ಟಿಗೆಗೆ ಹೆಗಲು ಕೊಟ್ಟಾಗಲೂ ಸೊಂಟದಲ್ಲಿ ಅದಿತ್ತು. ಹೋದವನು ಒಂದು ದಿನ ತಿರುಗಿ ಬರುವುದಿಲ್ಲ ಎಂದು ಯಾರು ಬರೆದುಕೊಟ್ಟಿದ್ದರು?

ಈಗ ಸುದ್ದಿ. ನಿನ್ನೆ ಸಂಜೆ ವರ್ನಾ ಫೋನು ಮಾಡಿದ್ದರು. ರಾಯ್ಸ್ ಅಲ್ಲೇ ಇಂಡಿಯಾನಾದಲ್ಲಿ ಹೃದಯ ನಿಂತು ಸತ್ತನಂತೆ. ಅಳುತ್ತಲೇ, "ಇನ್ನು ಬಿಚ್ಚಿಡು ಮಗಳೇ," ಎಂದರು. ಆ ತಾಯಿಯ ಬಾಯಿಂದ ಆ ಮಾತು ಕೇಳಿ ನನಗೂ ಅಳು ಬಂತು. ಅವನಿಗಾಗಿ ಸ್ವಲ್ಪ, ಅವರಿಗಾಗಿ ಸ್ವಲ್ಪ, ಹೆದರಿ ಹೆದರಿಯೇ ಮುಗಿದುಹೋದ ನನ್ನ ಯೌವನಕ್ಕಾಗಿ ಬಹಳ. ಬದುಕಿದ್ದಾಗ ನಿಮಗೆ ಸರಿಯಾಗಿ ಒಂದು ಕೃತಜ್ಞತೆಯನ್ನೂ ಹೇಳಲಿಲ್ಲ. ಹೇಳಲು ಬಂದರೆ ನೀವು ಸೌಟು ಎತ್ತುತ್ತಿದ್ದಿರಿ.

ಈಗ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಷ್ಟು ವರ್ಷ ರಸ್ತೆಯ ಮೇಲೇ ಕಣ್ಣಿಟ್ಟು ಕೂತವಳು, ಇವತ್ತು ಬಿಸಿಲಿಗೆ ಮುಖ ಮಾಡಿ, ರಸ್ತೆಗೆ ಬೆನ್ನು ಹಾಕಿ. ಈಗಷ್ಟೇ ಒಂದು ಕಾರು ಬಂತು, ಮನೆಯ ಮುಂದೆ ನಿಧಾನವಾಯಿತು, ಮುಂದೆ ಹೋಯಿತು. ಯಾರೆಂದು ತಿರುಗಿ ನೋಡಲಿಲ್ಲ, ಅತ್ತೆ.

ನಿಮ್ಮ ಮಣ್ಣು ನಿಮಗೆ ಹಗುರವಾಗಿರಲಿ. ನನ್ನ ಚಿಂತೆ ಬಿಟ್ಟು ನೆಮ್ಮದಿಯಾಗಿ ಮಲಗಿ.

ನಿಮ್ಮ ಮಗಳಂಥ ಸೊಸೆ,
ರೊಂಡಾ