ಬಿಳಿ ಬಟ್ಟೆ ಕಟ್ಟಿದ ಬಾಗಿಲು

ಗದಗ, ಫೆಬ್ರವರಿ ೩೦, ೨೧೬೯

ಪ್ರೀತಿಯ ದಾನೇಶ್ವರಿ ಅಜ್ಜಿಗೆ,

“ಇವನು ತನ್ನದೇ ಲೋಕದಲ್ಲಿರುತ್ತಾನೆ, ನಾನು ಹೊಸ್ತಿಲಲ್ಲಿ...” ನಿಮ್ಮ ನೋಟುಪುಸ್ತಕದ ಆ ಸಾಲು ನನಗೆ ನೆನಪಿರುವುದು ಇಷ್ಟೇ. ಹೊಸ್ತಿಲಲ್ಲಿ ಕಾಯುತ್ತೇನೆ ಎಂದಿತ್ತೋ, ಹೊಸ್ತಿಲಲ್ಲೇ ಉಳಿದೆ ಎಂದಿತ್ತೋ ತಿಳಿಯದು. ಪುಸ್ತಕ ಈಗ ಇಲ್ಲ. ನನ್ನ ಅಜ್ಜಿ ನೆನಪಿನಿಂದ ಹೇಳುತ್ತಿದ್ದರು. ಇತ್ತೀಚೆಗೆ ಅದರ ಮೊದಲರ್ಧದ ಮೇಲೇ ನನಗೆ ಅನುಮಾನ ಹುಟ್ಟಿದೆ. ಅದು ನಿಮ್ಮ ಮಾತೋ, ಯಾರೋ ನೆಂಟರು ಅಂದುಹೋದದ್ದನ್ನು ನೀವು ಬರೆದಿಟ್ಟುಕೊಂಡಿರೋ? ಮಿಕ್ಸಿ ತಿರುಗಿದರೆ ನಿಮ್ಮ ಮಗ ಪ್ರಮಥ ಕಿವಿ ಮುಚ್ಚಿಕೊಂಡು ಚೀರುತ್ತಿದ್ದನಂತೆ. ಬೇರೆ ಲೋಕದಲ್ಲಿದ್ದವನಿಗೆ ಈ ಲೋಕದ ಮಿಕ್ಸಿ ಅಷ್ಟು ನೋಯಿಸುವುದು ಹೇಗೆ?

ದಿನಾಂಕ ನೋಡಿ ನಗಬೇಡಿ. ನಮ್ಮವರು ತಿಂಗಳುಗಳನ್ನು ಸರಿಗಟ್ಟಿದಾಗ ಫೆಬ್ರವರಿಗೆ ಎರಡು ದಿನ ಹೆಚ್ಚಿಗೆ ಸಿಕ್ಕವು. ನೀವು ನನ್ನ ಮುತ್ತಜ್ಜಿಯ ತಾಯಿ. ಈ ಕಾಗದ ನಿಮ್ಮನ್ನು ತಲುಪುವುದಾದರೆ, ಆಗ ನೀವು ನನಗಿಂತ ಹತ್ತು ವರ್ಷ ಚಿಕ್ಕವರಾಗಿರುತ್ತೀರಿ. ಆದರೂ ಅಜ್ಜಿ ಎಂದೇ ಕರೆಯುತ್ತೇನೆ. ಕೆಲವು ಪದಗಳು ವಿಚಿತ್ರವೆನಿಸಬಹುದು. ನೀವು ಆಟಿಸಂ ಎನ್ನುತ್ತಿದ್ದುದನ್ನು ನಾವು ಬೇರೆಗ್ರಹಿಕೆ ಎನ್ನುತ್ತೇವೆ. ಹೆಸರು ಮೆತ್ತಗಾಗಿದೆ. ಬೆಳಿಗ್ಗೆ ಅಂಗಿ ತೊಡಿಸುವ ಕಷ್ಟವೇನೂ ಮೆತ್ತಗಾಗಿಲ್ಲ.

ನನ್ನ ಮಗಳು ನೇಸರಳಿಗೆ ಐದು ವರ್ಷ. ಮಾತಿಲ್ಲ. ಅನ್ನದ ಪ್ರತಿ ತುತ್ತನ್ನೂ ಮೂಸಿ ನೋಡಿಯೇ ಬಾಯಿಗಿಡುತ್ತಾಳೆ. ಶೇಂಗಾ ಸಿಪ್ಪೆಗಳನ್ನು ಗೋಡೆಯುದ್ದಕ್ಕೂ ಸಾಲಾಗಿ ಇಡುತ್ತಾಳೆ. ಒಂದು ಸಿಪ್ಪೆ ಸರಿದರೂ ಅವಳಿಗೆ ಗೊತ್ತಾಗುತ್ತದೆ. ಖುಷಿಯಾದರೆ ಎರಡೂ ಕೈ ಬಡಿಯುತ್ತಾಳೆ, ಹೆದರಿದರೂ ಬಡಿಯುತ್ತಾಳೆ. ಎರಡಕ್ಕೂ ಇರುವ ವ್ಯತ್ಯಾಸ ಮೊದಲು ನನಗೆ ತಿಳಿಯುತ್ತಿತ್ತು ಎಂದುಕೊಂಡಿದ್ದೇನೆ. ಆಮೇಲೆ ಮನದುಭಾಷಿ ಬಂತು.

ಮನದುಭಾಷಿ ಎಂದರೆ ಮಗುವಿನ ಮಣಿಕಟ್ಟಿಗೆ ಕಟ್ಟುವ, ಹುಣಸೆ ಬೀಜದಷ್ಟು ಚಿಕ್ಕ ಯಂತ್ರ. ಎದೆಬಡಿತ, ಉಸಿರು, ಬೆವರು ಅಳೆದು ತಾಯಿಯ ಕಿವಿಯಲ್ಲಿ ಹೇಳುತ್ತದೆ: ಹಸಿವು, ನಿದ್ದೆ, ಭಯ, ವಿಶೇಷವೇನಿಲ್ಲ. ಹಳೆಯ ಪದ್ಯಗಳನ್ನು ಓದಿ ದಾಖಲಿಸುವುದು ನನ್ನ ಕೆಲಸ. ಮಗಳ ಕಡೆ ತಲೆ ಎತ್ತಿ ನೋಡದೆಯೇ ಅವಳನ್ನು ನೋಡಿಕೊಳ್ಳಬಹುದು ಎಂಬುದು ಎಂಥ ನೆಮ್ಮದಿ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಓಣಿಯಲ್ಲಿ ಇನ್ನೊಂದು ಪದ್ಧತಿ ಇದೆ. ಸದ್ದಿನ ಕೆಲಸ ಮಾಡುವವರು ಒಂದು ಗಂಟೆ ಮುಂಚೆ ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕು. ಬೇರೆಗ್ರಹಿಕೆಯ ಮಗುವಿರುವ ಮನೆಯವರು ಉತ್ತರವಾಗಿ ಬಿಳಿ ಬಟ್ಟೆ ಕಟ್ಟಿದರೆ ಆ ಸದ್ದು ಆಗಕೂಡದು. ಯಾರೂ ಕಾರಣ ಕೇಳುವುದಿಲ್ಲ. ಪ್ರಮಥನಿಗಾಗಿ ನೀವು ಎಷ್ಟು ಮನೆಗಳ ಮುಂದೆ ಕೈಮುಗಿದು ನಿಂತಿರೋ, ಅದರ ಫಲ ಈ ಬಟ್ಟೆ ಎಂದು ನಾನು ಹೆಮ್ಮೆಪಡುತ್ತಿದ್ದೆ.

ಪಕ್ಕದ ಮನೆಯ ಗುರಸಿದ್ದವ್ವ ದಿನಾ ಸಂಜೆ ನಾಲ್ಕು ಗಂಟೆಗೆ ಒಳಕಲ್ಲಿನಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಯಂತ್ರದಲ್ಲಿ ಅರೆದರೆ ಶೇಂಗಾ ಎಣ್ಣೆ ಬಿಡುವುದಿಲ್ಲ ಎಂಬುದು ಅವಳ ಹಟ. ಎರಡೂ ಮನೆಗೆ ನಡುಗೋಡೆ ಒಂದೇ. ಮೊದಲ ಪೆಟ್ಟು ಬಿದ್ದೊಡನೆ ನೇಸರ ಆ ಗೋಡೆಯ ಬಳಿಗೆ ಓಡಿ ಬರುತ್ತಿದ್ದಳು, ಕೈ ಬಡಿಯುತ್ತಿದ್ದಳು. ನನ್ನ ಕಿವಿಯಲ್ಲಿ ಯಂತ್ರ “ಭಯ, ಭಯ” ಎನ್ನುತ್ತಿತ್ತು. ನಾನು ಬಿಳಿ ಬಟ್ಟೆ ಕಟ್ಟಿದೆ. ಅವಳು ಒನಕೆ ಎತ್ತಿಟ್ಟಳು. ಎಂಟು ತಿಂಗಳು ಆ ಬಟ್ಟೆಯನ್ನು ನಾನು ಬಿಚ್ಚಲಿಲ್ಲ. ಎದುರಾದಾಗಲೆಲ್ಲ ಅವಳು ಚುಚ್ಚುತ್ತಿದ್ದಳು: “ಏನ್ ಯವ್ವಾ, ನಿನ್ ಪೆಟ್ಟಿಗಿ ಇವತ್ತೇನ್ ಅಂತೈತಿ? ನಾ ಉಸರಾಡಬಹುದಂತೇನು?” ನಾನು ನಕ್ಕು ತಲೆ ತಗ್ಗಿಸಿ ಒಳಗೆ ಬರುತ್ತಿದ್ದೆ. ಮಗಳಿಗಾಗಿ ನಿಷ್ಠುರಳಾಗುವುದು ತಾಯಿಯ ಕರ್ತವ್ಯವೆಂದು ನನ್ನ ನಂಬಿಕೆ.

ಈ ವಾರ ಮನದುಭಾಷಿ ಕೆಟ್ಟು ರಿಪೇರಿಗೆ ಹೋಯಿತು. ನಾಲ್ಕು ದಿನ ಬೇಕು ಎಂದರು. ಮೊದಲ ದಿನ ನನಗೆ ಕೈಕಾಲೇ ಆಡಲಿಲ್ಲ. ಹಸಿದಿದ್ದಾಳೋ, ನೋಯುತ್ತಿದೆಯೋ? ಪುಸ್ತಕ ಮುಚ್ಚಿ ಅವಳ ಹಿಂದೆಯೇ ಸುತ್ತಿದೆ. ನಾಲ್ಕು ಗಂಟೆಗೆ ಅವಳು ಸಿಪ್ಪೆಗಳನ್ನು ಬಿಟ್ಟು ನಡುಗೋಡೆಯ ಹತ್ತಿರ ಹೋಗಿ ಕುಳಿತಳು. ಗೋಡೆಗೆ ಕಿವಿ ಹಚ್ಚಿದಳು. ಅಂಗೈಯಿಂದ ಎರಡು ಸಲ ತಟ್ಟಿ ಸುಮ್ಮನಾದಳು. ಸ್ವಲ್ಪ ಹೊತ್ತಿಗೆ ಮುಖ ಅರಳಿತು. ಮತ್ತೆ ತಟ್ಟಿದಳು. ಎರಡನೆಯ ದಿನವೂ ಹಾಗೆಯೇ, ನಿನ್ನೆಯೂ ಹಾಗೆಯೇ. ಎಂಟು ತಿಂಗಳು ಇದೇ ಹೊತ್ತಿಗೆ ನನ್ನ ಕಿವಿಯಲ್ಲಿ ಯಂತ್ರ ಹೇಳುತ್ತಿದ್ದುದು, ವಿಶೇಷವೇನಿಲ್ಲ. ನಾನು ನಿಶ್ಚಿಂತೆಯಿಂದ ಪದ್ಯ ಓದುತ್ತಿದ್ದೆ.

ಭಯಕ್ಕೂ ಎದೆ ಹೊಡೆದುಕೊಳ್ಳುತ್ತದೆ, ಸಂತೋಷಕ್ಕೂ ಹೊಡೆದುಕೊಳ್ಳುತ್ತದೆ. ಯಂತ್ರ ಬಡಿತಗಳನ್ನು ಸರಿಯಾಗಿಯೇ ಎಣಿಸಿತ್ತು. ಅದಿಟ್ಟ ಹೆಸರನ್ನು ನಂಬಿ ತಪ್ಪಿದ್ದು ನಾನು. ಐದು ವರ್ಷದಲ್ಲಿ ನನ್ನ ಮಗಳು ತಾನಾಗಿ ಓಡಿ ಹೋಗುತ್ತಿದ್ದ ಒಂದೇ ಒಂದು ಸದ್ದನ್ನು ನಾನೇ ನಿಲ್ಲಿಸಿದ್ದೆ. ಅವಳ ನೆನಪಿನಲ್ಲಿ ಉಳಿದ ಆ ಸದ್ದು ಇಷ್ಟು ದಿನ ಅವಳಿಗೆ ಸಾಕಾಗಿತ್ತೇ? ಅವಳು ನನ್ನನ್ನು ಏನೆಂದು ತಿಳಿದಿರಬಹುದು? ಇದನ್ನು ಕೇಳಲು ನಮ್ಮಿಬ್ಬರ ನಡುವೆ ಮಾತಿಲ್ಲ. ಯಂತ್ರದಲ್ಲಿ ಇದಕ್ಕೆ ಪದವೂ ಇಲ್ಲ.

ನಾಳೆ ಅದು ವಾಪಸ್ಸು ಬರುತ್ತದೆ. ಎಸೆದುಬಿಡುವ ಧೈರ್ಯ ನನಗಿಲ್ಲ. ಜ್ವರ ಬಂದಾಗ ಅದು ಬೇಕು. ಆದರೆ ನಾಲ್ಕು ಗಂಟೆಗೆ ಬಿಚ್ಚಿಡುತ್ತೇನೆ. ಅಜ್ಜಿ, ಇಂಥ ಯಂತ್ರಗಳ ಮೊದಲ ಮಾದರಿಗಳು ನಿಮ್ಮ ಕಾಲದಲ್ಲೇ ಬರಬಹುದು. ಕೊಳ್ಳಬೇಡಿ ಎನ್ನುವುದಿಲ್ಲ, ನಿದ್ದೆಗೆಟ್ಟ ತಾಯಿಗೆ ಹಾಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಪ್ರಮಥ ಯಾವ ಸದ್ದಿಗೆ ಕಿವಿ ಮುಚ್ಚುತ್ತಾನೆ ಎಂದು ನೀವು ಬರೆದಿದ್ದೀರಿ. ಯಾವ ಸದ್ದಿಗೆ ಓಡಿ ಬರುತ್ತಾನೆ ಎಂಬುದನ್ನೂ ದಯವಿಟ್ಟು ಬರೆದಿಡಿ. ಆ ಪುಟವೊಂದು ನನ್ನ ಕಿವಿಗೂ ಬಿದ್ದಿದ್ದರೆ ನಾನು ಹುಡುಕುವುದನ್ನು ಬೇಗ ಕಲಿಯುತ್ತಿದ್ದೆನೇನೋ.

ಇವತ್ತು ಮಧ್ಯಾಹ್ನ ಬಾಗಿಲಿನ ಬಿಳಿ ಬಟ್ಟೆಯನ್ನು ಬಿಚ್ಚಿದೆ. ಬಿಸಿಲಿಗೆ ಗಂಟು ಬಿಗಿದುಕೊಂಡಿತ್ತು, ಹಲ್ಲಿನಿಂದ ಎಳೆಯಬೇಕಾಯಿತು. ಅದನ್ನು ಮಡಿಚುತ್ತಾ ನಿಂತಿದ್ದಾಗ ಗುರಸಿದ್ದವ್ವ ತನ್ನ ಮನೆಯಿಂದ ಇಳಿದು ಬಂದಳು. ನಾನು ಕ್ಷಮೆ ಕೇಳಿದೆ. ನೀವು ಕುಟ್ಟುತ್ತಿದ್ದುದು ಇವಳಿಗೆ ಇಷ್ಟವಿತ್ತು, ಪಾಪ, ಬರೀ ಗೋಡೆ ತಟ್ಟಿಕೊಂಡು ಕೂರುತ್ತಾಳೆ ಎಂದೆ. ಅವಳು ಒಳಗೆ ಕುಳಿತಿದ್ದ ನೇಸರಳ ಕಡೆ ನೋಡಿದಳು, ನಂತರ ನನ್ನನ್ನು. ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಹೇಳಿದಳು:

“ಬರೀ ಗ್ವಾಡಿ ಯಾಕ ಬೇ? ಎಂಟ್ ತಿಂಗ್ಳಾತು, ಆಕಿ ಎರಡ್ ಸಲ ಬಡದ್ರ ನಾನೂ ಬೆರಳಿಲೆ ಎರಡ್ ಸಲ ಬಡೀತೇನಿ, ನಿನ್ ಪೆಟ್ಟಿಗಿಗಿ ಕೇಳಬಾರ್ದಂತ ಮೆಲ್ಲಕ. ನಿನಗ ಒಂದ್ ದಿನಾನೂ ಕೇಳಿಸ್ಲಿಲ್ಲೇನು?”