ಬ್ಯಾನರಿನಲ್ಲಿ ನನ್ನ ಮುಖ

ಮುಕ್ತಾ,

ಮುಂಬೈ ಹತ್ತಿರದ ಈ ಕಲ್ಯಾಣದ ನಮ್ಮ ಹೋಟೆಲಿನಲ್ಲಿ ಪುಕ್ಕಟೆ ಚಹಾ ಕುಡಿದೇ ಮೊದಲು ನಗರಸೇವಕ, ಅಂದರೆ ಕಾರ್ಪೊರೇಟರ್, ಆದ ದತ್ತಾಭಾವು, ನೀನು ತೀರಿಹೋದ ಮೇಲೆ ಶಾಸಕನೂ ಆದ. ನಿನ್ನೆ ಪಕ್ಷ ಬದಲಿಸಿದ. ಇವತ್ತು ನಮ್ಮ ಬಾಗಿಲೆದುರೇ ಹೊಸ ಬಣ್ಣದ ಬ್ಯಾನರ್. ಬೆಂಬಲಿಗರ ಸಾಲಿನಲ್ಲಿ ನಾನೂ ನಗುತ್ತಿದ್ದೇನೆ. ನನ್ನನ್ನು ಯಾರೂ ಕೇಳಲಿಲ್ಲ. ಅವನ ಮೊದಲ ಚುನಾವಣೆಯ ಬ್ಯಾನರಿಗೆ ನಾನೇ ಕೊಟ್ಟಿದ್ದ ನಮ್ಮ ಗಂಡ-ಹೆಂಡತಿಯ ಫೋಟೋ ಅದು. ನಿನ್ನನ್ನು ಕತ್ತರಿಸಿದ್ದಾರೆ, ನನ್ನ ಹೆಗಲ ಮೇಲೆ ನಿನ್ನ ಬೆರಳುಗಳು ಮಾತ್ರ ಉಳಿದಿವೆ.

ಮಧ್ಯಾಹ್ನ ಅವನು ಬಿಟ್ಟುಬಂದ ಹಳೇ ಪಕ್ಷದ ಹುಡುಗರು ಚಹಾಕ್ಕೆ ಬಂದರು. ಒಬ್ಬ ಬ್ಯಾನರನ್ನೂ ನನ್ನನ್ನೂ ನೋಡಿದ.

“ಅಣ್ಣಾ, ಏಕ್‌ದಂ ಮಸ್ತ್ ಫೋಟೋ! ರಾತ್ರಿ ಶಟರ್ ಎಷ್ಟಕ್ಕೆ ಎಳೀತೀರಿ?”

“ನನ್ನನ್ನು ಕೇಳದೇ ಹಾಕಿದ್ದು ಮಾರಾಯಾ.”

“ಹಾಗಾದ್ರೆ ತೆಗೀರಿ.”

ತೆಗೆದರೆ ದತ್ತಾಭಾವು ಬಿಡುತ್ತಾನೆಯೇ?

ಇಷ್ಟು ವರ್ಷ ಒಂದು ಚಹಾಕ್ಕೂ ದುಡ್ಡು ಕೊಡದವರು, ಇವತ್ತು ಪೂರ್ತಿ ಬಿಲ್ಲು ಕೊಟ್ಟು, ಚಿಲ್ಲರೆಯನ್ನೂ ಬಿಟ್ಟು, ನಮ್ಮ ಹಳೇ ಋಣ ಮುಗಿಸಿದವರಂತೆ ಹೋದರು.