ಗಾಯರಾಣಕ್ಕೆ ಬೀಗ

ಕರಿಕಿಹಾಳ, ತಾ. ಬಸವನ ಬಾಗೇವಾಡಿ
10 ಜನವರಿ 2026

ಸಿಟ್ಟು ಮಾಡಿಕೊಂಡು ಹೋದ ತಮ್ಮ ಬಸಂತರಾಯನಿಗೆ, ಸಿಟ್ಟು ಇಳಿಯದ ಅಕ್ಕ ರೇಣವ್ವನ ಆಶೀರ್ವಾದ.

ಮೊದಲು ಆರೋಗ್ಯದ ಮಾತು. ನಿನ್ನ ಮೊಣಕಾಲು ನೋವು ಹೇಗಿದೆ? ಇಂಡಿಯಲ್ಲಿ ಮಗಳು ಯಶೋಧಾ ಮನೆಯ ಮೆಟ್ಟಿಲು ಕಡಿದಾಗಿವೆ, ಗೋಡೆ ಹಿಡಿದು ಇಳಿ. ಅವಳು ಹಾಕಿದ ಲಿಂಬೆ ಉಪ್ಪಿನಕಾಯಿ ರುಚಿಯಾಗಿದೆ ಎಂದು ಬಾಚಿ ಬಾಚಿ ತಿನ್ನಬೇಡ, ಬಿಪಿ ಇದ್ದವನು ನೀನು. ನಾನು ಆರಾಮ. ಸಿಟ್ಟಿನವರ ಆರೋಗ್ಯ ಕೆಡುತ್ತದೆ ಅನ್ನುತ್ತಾರೆ, ನನ್ನದು ಸಿಟ್ಟಿನಿಂದಲೇ ನೆಟ್ಟಗಿದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ಹರಿದು ಹಾಕಬೇಕಾದರೂ ಒಮ್ಮೆ ಓದಿಯೇ ಹರಿಯುತ್ತೀ ಎಂದು ನನಗೆ ಗೊತ್ತು, ಮಾಸ್ತರಿಕೆ ಮಾಡಿ ನಿವೃತ್ತನಾದವನಲ್ಲವೇ.

ಎಳ್ಳ ಅಮಾವಾಸ್ಯೆಯ ದಿನ ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಊರಿನವರೆಲ್ಲ ತಮ್ಮ ತಮ್ಮ ಹೊಲದಲ್ಲಿ ಭೂಮಿತಾಯಿಗೆ ಎಡೆಯೆಂದು ಚರಗ ಚೆಲ್ಲಿ ಉಂಡು ಬಂದರೆ, ನಮ್ಮ ಮನೆಯವರು ಇನ್ನೊಂದು ಗಂಟು ಕಟ್ಟಿಕೊಂಡು ಡೋಣಿ ಹೊಳೆ ದಂಡೆಯ ಗಾಯರಾಣಕ್ಕೂ ಹೋಗುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಊರ ದನ ಮೇಯುವ ಆ ತಗ್ಗಿನ ಜವುಗು ನೆಲಕ್ಕೂ, ಚಳಿಗಾಲದಲ್ಲಿ ಎಲ್ಲಿಂದಲೋ ಹಾರಿ ಬಂದು ಅಲ್ಲಿ ಇಳಿಯುವ ಪಟ್ಟೆತಲೆ ಬಾತುಗಳಿಗೂ ಒಂದು ಪಾಲು. ಈ ಸಲ ಕಡುಬು, ಬಜ್ಜಿ ಹೊತ್ತುಕೊಂಡು ಹೋದರೆ ಬೇಲಿಯ ಗೇಟಿಗೆ ಹೊಸದಾಗಿ ಬೀಗ. ಕೀಲಿ ಗಾಯರಾಣ ಕಾಯುವ ಕಮಿಟಿಯ ಅಧ್ಯಕ್ಷರಾದ ನಿನ್ನ ಜೇಬಿನಲ್ಲಿ. ಬೀಗ ತೆಗೆಸಿ ಒಳಗೆ ನೋಡಿದರೆ ಒಂದು ಬಾತೂ ಇಲ್ಲ. "ಯಾರಿಗೆ ಚೆಲ್ಲೂನಪಾ ಚರಗ? ನಿಮ್ಮ ಕಮಿಟಿ ಬೋರ್ಡಿಗೇನು?" ಅಂದೆ. ಜನ ನಕ್ಕರು. ನೀನು ಎಲೆ ಮುಂದಿನಿಂದ ಎದ್ದವನು ಮನೆಗೆ ಬಂದು ಚೀಲ ಎತ್ತಿಕೊಂಡು ದೇವರ ಹಿಪ್ಪರಗಿಗೆ ಹೋಗಿ ಇಂಡಿ ಬಸ್ಸು ಹತ್ತಿಬಿಟ್ಟೆ. ಎಪ್ಪತ್ತರ ಹತ್ತಿರ ಬಂದವನು, ಹೆಣ್ಣುಮಕ್ಕಳ ಹಾಗೆ ಮುನಿಸಿಕೊಂಡು ಹೋಗುವುದೇ? ಹಾಗೆ ನೋಡಿದರೆ ನಮ್ಮ ಮನೆಯ ಹೆಣ್ಣುಮಕ್ಕಳು ಯಾರೂ ಹಾಗೆ ಹೋದವರಲ್ಲ.

ಆ ಬೋರ್ಡನ್ನು ನಿನ್ನೆ ಮತ್ತೆ ನೋಡಿ ಬಂದೆ. "ಸಂರಕ್ಷಿತ ಜವುಗು ಹುಲ್ಲುಗಾವಲು. ಜಾನುವಾರುಗಳಿಗೆ ಪ್ರವೇಶವಿಲ್ಲ." ಉಣ್ಣುವವರನ್ನು ಬಾಗಿಲಲ್ಲೇ ತಡೆಯುವ ಖಾನಾವಳಿಯನ್ನು ನೀವೇ ಮೊದಲು ತೆರೆದದ್ದು. ಅಕ್ಷರಗಳ ಪಕ್ಕದಲ್ಲಿ ಉದ್ದ ಕಾಲಿನ ಗುಲಾಬಿ ಬಣ್ಣದ ಪಕ್ಷಿ. ನಾನು ಹುಟ್ಟಿದಾಗಿನಿಂದ ಅಂಥ ಪಕ್ಷಿ ನಮ್ಮ ಊರಿಗೆ ಬಂದದ್ದಿಲ್ಲ. ಪೇಂಟರನ ಹತ್ತಿರ ಆ ಬಣ್ಣ ಉಳಿದಿತ್ತೋ ಏನೋ. ನಾನೂ ಒಂದು ಅವಧಿ ಪಂಚಾಯಿತಿ ಮೆಂಬರ್ ಇದ್ದವಳು, ಕಮಿಟಿಗಳ ಬುದ್ಧಿ ನನಗೆ ಹೊಸದಲ್ಲ. ನಾಲ್ಕು ಜನ ದಡ್ಡರು ಒಟ್ಟಿಗೆ ಕೂತರೆ ಒಬ್ಬ ಜಾಣ ಆಗುತ್ತಾನೆ ಎಂದು ನಂಬುವುದನ್ನು ನಾನು ಆಗಲೇ ಬಿಟ್ಟೆ.

ಬೇಲಿ ಹಾಕಿ ಎರಡು ಮಳೆಗಾಲ ಆಯಿತು. ಒಳಗೆ ಈಗ ಆಪಿನ ಜೊಂಡು ಬೆಳೆದು ಆಳೆತ್ತರ ನಿಂತಿದೆ. ನೀರು ಕಾಣುವುದಿಲ್ಲ, ಕರಿಕೆ ಹುಲ್ಲು ಅದರ ನೆರಳಲ್ಲಿ ಕೊಳೆತು ಹೋಗಿದೆ, ಅಂಚಿನಿಂದ ಬಳ್ಳಾರಿ ಜಾಲಿ ಒಳಗೆ ನುಗ್ಗುತ್ತಿದೆ. ಅದಕ್ಕೆ ಮಾತ್ರ ಪ್ರವೇಶ ಇದೆ. ಬೆಳ್ಳಕ್ಕಿಗಳು ಎಮ್ಮೆಗಳ ಬೆನ್ನು ಹಿಡಿದು ಮೊದಲ ವಾರವೇ ಹೊರಗೆ ಬಂದವು, ಅವಕ್ಕೆ ಕಮಿಟಿಯ ಮೇಲೆ ಭರವಸೆ ಇರಲಿಲ್ಲ. ಬಯಲಲ್ಲಿ ಮೊಟ್ಟೆ ಇಡುವ ಟಿಟ್ಟಿಭ ಒಂದು ಜೋಡಿ ಉಳಿದಿತ್ತು. ವನಮಹೋತ್ಸವದಂದು ನೀವು ಅದರ ಗೂಡಿದ್ದ ಕಡೆಯೇ ಗುಂಡಿ ತೋಡಿ ಬೇವಿನ ಸಸಿ ನೆಟ್ಟು ಫೋಟೋ ತೆಗೆಸಿಕೊಂಡಿರಿ. ಸವಳು ನೆಲದಲ್ಲಿ ಸಸಿ ಒಂದೂ ಬದುಕಲಿಲ್ಲ, ಟಿಟ್ಟಿಭ ತಿರುಗಿ ಬರಲಿಲ್ಲ, ಫೋಟೋ ಮಾತ್ರ ಪಂಚಾಯಿತಿಯ ಗೋಡೆಯ ಮೇಲೆ ಚೆನ್ನಾಗಿದೆ. ನೀನು ಅದರಲ್ಲಿ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದೀ.

ಇದೆಲ್ಲ ಮುತ್ತುರಾಜನಂಥ ಉಪಾಧ್ಯಕ್ಷನಿಗೆ ಗೊತ್ತಿಲ್ಲ ಅಂದರೆ ಒಪ್ಪುತ್ತೇನೆ, ಅವನು ಸಿಂದಗಿ ಪೇಟೆಯಲ್ಲಿ ಬೆಳೆದವನು. ನಿನಗೆ ಗೊತ್ತಿತ್ತು. ಸಾಲಿ ತಪ್ಪಿಸಿ ಎಮ್ಮೆ ಮೇಲೆ ಕೂತು ಆ ಬಾತುಗಳ ನಡುವೆ ತಿರುಗುತ್ತಿದ್ದವನು ನೀನೇ. ಎಮ್ಮೆ ತಿಂದು ಗಿಡ್ಡ ಮಾಡಿದ ಎಳೆ ಕರಿಕೆಯೇ ಬಾತಿನ ಊಟ. "ಮುಂದ ಎಮ್ಮಿ, ಹಿಂದ ಬಾತು" ಎಂದು ಅಪ್ಪ ಹೇಳುತ್ತಿದ್ದುದನ್ನು ನೀನು ನನಗಿಂತ ಚೆನ್ನಾಗಿ ಅನುಕರಣೆ ಮಾಡುತ್ತಿದ್ದೆ. ಅಧ್ಯಕ್ಷರೆಂದು ಶಾಲು ಹೊದಿಸಿದರು ನೋಡು, ಅಪ್ಪನೂ ಎಮ್ಮೆಯೂ ಆ ಶಾಲಿನಡಿ ಮುಚ್ಚಿಹೋದವು. ನನ್ನ ಸಿಟ್ಟು ಇಳಿಯದಿರುವುದು ಅದಕ್ಕೆ.

ನೀನು ಹೋದ ಮೇಲೆ ಕಮಿಟಿ ಕೂತಿತು. ಬಾತು ಯಾಕೆ ಬರಲಿಲ್ಲ? ಮುತ್ತುರಾಜ ಎದ್ದು ನಿಂತು, "ಬೇಲಿ ಹೊರಗ ನಿಂತ ಎಮ್ಮಿ ವಾಸನಿಗೆ ಹೆದರ್ಯಾವ್ರಿ" ಅಂದ. ಉಳಿದವರು ಗೋಣು ಹಾಕಿದರು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಈಗ ಆ ಬೇಲಿಯ ಹೊರಗೆ ಇನ್ನೊಂದು ಬೇಲಿ ಹಾಕುತ್ತಾರಂತೆ, ನಿನ್ನ ಒಪ್ಪಿಗೆಗೆ ಕಾಯುತ್ತಿದ್ದಾರೆ.

ಇನ್ನೊಂದು ಸುದ್ದಿ. ನಮ್ಮ ಪಕ್ಕದ ಮನೆಯ ಸೈದಾಬಿಯ ಎರಡು ಗಬ್ಬದ ಎಮ್ಮೆಗಳು ಗಾಯರಾಣದೊಳಗೆ ಸಿಕ್ಕವು. ವಾರದಿಂದ ಒಳಗೇ ಮೇಯುತ್ತಿದ್ದವು. ಪಕ್ಷಿ ನೋಡಲೆಂದು ನೀವು ಬೇಲಿಯ ಹೊರಗೆ ಕಟ್ಟಿಸಿದ ಗೋಪುರದ ಮೇಲೆ ದಿನಾ ಒಬ್ಬರು ಹತ್ತಿ ಇಳಿದರೂ ಯಾರಿಗೂ ಕಾಣಲಿಲ್ಲ, ಆಪು ಅಷ್ಟು ಎತ್ತರ. ಕಡೆಗೆ ಮುದ್ದೇಬಿಹಾಳದಿಂದ ಬಂದ ಅತಿಥಿಗಳಿಗೆ ಮುತ್ತುರಾಜ ಗೋಪುರದ ಮೇಲೆ ನಿಂತು ವಿವರಿಸುತ್ತಿರುವಾಗ ಒಂದು ಎಮ್ಮೆ ಒದರಿತು. "ಯಾವುದೋ ದೊಡ್ಡ ಪಕ್ಷಿ ಕೂಗಾಕತ್ತೈತ್ರಿ" ಅಂದನಂತೆ. ಅತಿಥಿಗಳು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿದ್ದಾರೆ.

ನಗಬೇಡ. ಬೇಲಿ ಮುರಿದು ನುಗ್ಗಿದವೆಂದು, ಗೇಟಿನ ಬೀಗ ಒಡೆದು ಎರಡೂ ಎಮ್ಮೆಗಳನ್ನು ಹೊರಗೆ ತಂದು ಪಂಚಾಯಿತಿಯ ಕೊಂಡವಾಡದಲ್ಲಿ ಕೂಡಿಹಾಕಿದ್ದಾರೆ. ಯಾವ ತಂತಿ ಮುರಿದಿದೆ ಎಂದು ಕೇಳಿದೆ, ಯಾರಿಗೂ ತೋರಿಸಲು ಆಗಲಿಲ್ಲ. ಅಲ್ಲಿ ನೆರಳಿಲ್ಲ, ಗೋಡೆ ಕುಸಿದಿದೆ, ನೆಲವೆಲ್ಲ ಕಲ್ಲು. ದೊಡ್ಡ ಎಮ್ಮೆ ಕೆಚ್ಚಲು ಬಿಟ್ಟಿದೆ, ಇಂದೋ ನಾಳೆಯೋ ಈಯುತ್ತದೆ. ಆ ಕಲ್ಲಿನ ಮೇಲೆ ಈದರೆ ಕರು ಉಳಿಯುವುದು ಕಷ್ಟ. ಸೈದಾಬಿ ಕೊಡ ಕೊಡ ನೀರು ಹೊತ್ತು ಹಾಕುತ್ತಿದ್ದಾಳೆ. "ಅಧ್ಯಕ್ಷರು ಬರೂತನಕ ಬಿಡಂಗಿಲ್ಲ" ಎಂಬುದು ಕಮಿಟಿಯ ಮಾತು. ಅವಳು ಒಬ್ಬರ ಮೇಲೂ ಕೂಗಾಡಲಿಲ್ಲ. "ಮಾಸ್ತರು ಬರ್ತಾರ ಬಿಡ್ರಿ ಅಕ್ಕಾರ, ನಮ್ಮನಿ ಹಾಲು ಕುಡದು ಬೆಳದವ್ರು ಅವ್ರು" ಅನ್ನುತ್ತಾಳೆ. ನನಗೆ ನಿನ್ನ ಮೇಲೆ ಅಷ್ಟು ಭರವಸೆ ಇಲ್ಲ, ಅವಳಿಗಿದೆ.

ಯಶೋಧಾಗೂ ಅಳಿಯನಿಗೂ ಮೊಮ್ಮಕ್ಕಳಿಗೂ ನನ್ನ ಹರಕೆ. ಬರುವಾಗ ಒಂದಿಷ್ಟು ಲಿಂಬೆಹಣ್ಣು ತಾ. ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ನಿನ್ನ ಅಕ್ಕ,
ರೇಣವ್ವ

ತಾ.ಕ.: ಬೇಲಿಯನ್ನು ಯಾವ ಎಮ್ಮೆಯೂ ಮುರಿದಿಲ್ಲ. ಸಿಟ್ಟಿನಲ್ಲಿ ಹೋಗುವಾಗ ನೀನು ಗೇಟಿನ ಕೀಲಿಯನ್ನು ನಮ್ಮ ಪಡಸಾಲೆಯ ಗೂಟಕ್ಕೆ ಸಿಗಿಸಿ ಹೋಗಿದ್ದೆ. ಸೈದಾಬಿಯನ್ನು ಕೇಳಿ, ಬೀಗ ತೆಗೆದು, ಎಮ್ಮೆ ಒಳಗೆ ಹೊಡೆದು, ತಿರುಗಿ ಬೀಗ ಹಾಕಿದವಳು ನಾನೇ. ಕಮಿಟಿ ಮುಂದೆ ನಿಂತು ಹೇಳಿದೆ, ನಂಬುತ್ತಿಲ್ಲ. "ಅಧ್ಯಕ್ಷರ ಅಕ್ಕಾರು ಅಂಥಾದ್ದು ಮಾಡಂಗಿಲ್ರಿ, ಸೈದಾಬಿನ್ನ ಉಳಸಾಕ ಹೇಳ್ತಾರ" ಅನ್ನುತ್ತಾರೆ. ಕೀಲಿ ಎಲ್ಲಿತ್ತೆಂದು ಬಲ್ಲವನು ನೀನೊಬ್ಬನೇ, ಬಂದು ಹೇಳು. ಪತ್ರವನ್ನು ಇಂಡಿ ಬಸ್ಸಿನ ಕಂಡಕ್ಟರನ ಕೈಗೆ ಕೊಡಲು ನಮ್ಮ ಓಣಿಯ ಹುಡುಗ ರಾವಸಾಬ ಬಾಗಿಲಲ್ಲಿ ಗಾಡಿ ಚಾಲೂ ಮಾಡಿಕೊಂಡೇ ನಿಂತಿದ್ದಾನೆ. ಅವನು ಹೇಳಿದನೆಂದು ಅವನದೇ ಗಾಡಿಯಲ್ಲಿ ಹೋಗಿ ನಾನೂ ಈಗಷ್ಟೇ ನೋಡಿ ಬಂದೆ: ಎಮ್ಮೆಗಳು ತಿಂದು ತುಳಿದು ತೆರವು ಮಾಡಿದ ಆ ಒಂದು ತುಂಡು ನೆಲದಲ್ಲಿ ಬೆಳಿಗ್ಗೆ ಬಾತು ಇಳಿದಿವೆ. ಅಲ್ಲಿ ಮಾತ್ರ, ಬೇರೆಲ್ಲೂ ಇಲ್ಲ. ನಿನ್ನ ಪಾಲಿನ ಚರಗ ಇನ್ನೂ ಚೆಲ್ಲುವುದಿದೆ. ಆದರೆ ಬಸ್ಸಿಳಿದವನು ಮೊದಲು ಕೊಂಡವಾಡಕ್ಕೆ ಹೋಗು, ಬಾತುಗಳನ್ನು ಆಮೇಲೆ ನೋಡು.